ಲಾವೋಸ್ ಎಂಥ ದೇಶ? ಅಳಿಯನ ಕೈಗೆ ಟಿಕೆಟ್ ಬರುವ ಮುಂಚೆ ಓದಿ

ಪ್ರಶ್ನೆ: ನನ್ನ ಅಕ್ಕನ ಮಗ ಬಿಕಾಂ ಮುಗಿಸಿದ್ದಾನೆ. ದುಬೈನಲ್ಲಿರುವ ಏಜೆಂಟ್ ಒಬ್ಬರು ಲಾವೋಸ್‌ನಲ್ಲಿ ಕಂಪ್ಯೂಟರ್ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ. ತಿಂಗಳಿಗೆ 90 ಸಾವಿರ ರೂಪಾಯಿ, ಊಟ-ವಸತಿ ಫ್ರೀ. ನಮ್ಮ ಮನೆಯಲ್ಲಿ ಆ ದೇಶದ ಹೆಸರನ್ನೇ ಯಾರೂ ಕೇಳಿಲ್ಲ. ಹುಡುಕಿದರೆ ಬರೀ ಜಲಪಾತ, ಬೌದ್ಧ ಭಿಕ್ಷುಗಳ ಫೋಟೊ ಬರುತ್ತವೆ. ಲಾವೋಸ್ ಎಲ್ಲಿದೆ, ಎಂಥ ದೇಶ, ಜನ ಹೇಗೆ? ನಾವು ಸಸ್ಯಾಹಾರಿಗಳು, ಹುಡುಗನಿಗೆ ಊಟಕ್ಕೆ ತೊಂದರೆ ಆಗುತ್ತದಾ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಉತ್ತರ ಪೂರ್ತಿ ಓದುವವರೆಗೆ ಅಳಿಯನ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಮುಂಗಡ ದುಡ್ಡೂ ಕಟ್ಟಬೇಡಿ. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ದೇಶ ಕೆಟ್ಟದ್ದೇನಲ್ಲ. ನಾನು ಸುತ್ತಿದ ಜಾಗಗಳಲ್ಲಿ ಅಷ್ಟು ಸಮಾಧಾನದ ಜನ ಬೇರೆ ಕಡೆ ಸಿಕ್ಕಿದ್ದು ಕಮ್ಮಿ. ಆದರೆ ನಿಮಗೆ ಬಂದಿರುವ ಕೆಲಸಕ್ಕೂ ಆ ದೇಶಕ್ಕೂ ಸಂಬಂಧ ಇದ್ದ ಹಾಗೆ ಕಾಣುತ್ತಿಲ್ಲ. ದೇಶ ಹೇಗಿದೆ ಅಂತ ಗೊತ್ತಾದರೆ ಅದು ನಿಮಗೇ ಹೊಳೆಯುತ್ತದೆ.

ಮ್ಯಾಪ್ ತೆಗೆದು ಥಾಯ್ಲೆಂಡ್ ಮತ್ತು ವಿಯೆಟ್ನಾಂ ನಡುವೆ ನೋಡಿ. ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಇಳಿದಿರುವ ಗುಡ್ಡಗಾಡಿನ ದೇಶವೇ ಲಾವೋಸ್. ಮೇಲೆ ಚೀನಾ, ಮೇಲ್ಗಡೆ ಎಡ ಮೂಲೆಗೆ ಮ್ಯಾನ್ಮಾರ್, ಕೆಳಗೆ ಕಾಂಬೋಡಿಯ. ಐದು ನೆರೆಮನೆ, ಸಮುದ್ರ ಮಾತ್ರ ಇಲ್ಲ. ಆಗ್ನೇಯ ಏಷ್ಯಾದಲ್ಲಿ ಕಡಲಿಲ್ಲದ ದೇಶ ಇದೊಂದೇ. ವಿಸ್ತೀರ್ಣ 2,36,800 ಚದರ ಕಿಲೋಮೀಟರ್, ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ 75 ಲಕ್ಷದ ಆಸುಪಾಸು. ಬೆಂಗಳೂರು ನಗರ ಒಂದರಲ್ಲೇ 2011ರ ಜನಗಣತಿಯಲ್ಲಿ 84 ಲಕ್ಷ ಜನ ಇದ್ದರು ಅಂದರೆ ಅಂದಾಜು ಆಗುತ್ತದೆ ಅಲ್ವಾ? ಬಸ್ಸಿನಲ್ಲಿ ಗಂಟೆಗಟ್ಟಲೆ ಹೋದರೂ ಕಾಡು, ಗುಡ್ಡ, ಕಂಬದ ಮೇಲೆ ನಿಂತ ಮರದ ಮನೆಗಳು, ಮತ್ತೆ ಕಾಡು. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ಹೆಸರಿನ ಕೊನೆಯ 'ಸ್' ಫ್ರೆಂಚರು ಅಂಟಿಸಿ ಹೋದದ್ದು. ಅಲ್ಲಿನವರು 'ಲಾವ್' ಅನ್ನುತ್ತಾರೆ. ರಾಜಧಾನಿಯ ಹೆಸರನ್ನೂ ಫ್ರೆಂಚರು ವಿಯೆಂಟಿಯಾನ್ ಅಂತ ಮಾಡಿದರು. ಊರಿನವರ ಬಾಯಲ್ಲಿ ಅದು 'ವಿಯಂಗ್ ಚನ್'. ವಿಯಂಗ್ ಅಂದರೆ ಕೋಟೆಗೋಡೆ ಇರುವ ಪಟ್ಟಣ. 'ಚನ್' ಅಂದರೆ ಚಂದನ ಅಂತ ಹೇಳುವವರು ಜಾಸ್ತಿ, ಚಂದ್ರ ಅನ್ನುವವರೂ ಇದ್ದಾರೆ. ಗಂಧದ ನಾಡಿನವರಾದ ನಾವು ಮೊದಲನೇ ಅರ್ಥವನ್ನೇ ಇಟ್ಟುಕೊಳ್ಳೋಣ.

ಆ ಪಟ್ಟಣ ಮೆಕಾಂಗ್ ನದಿಯ ದಂಡೆಯಲ್ಲಿದೆ. ಸಂಜೆ ದಂಡೆಗೆ ಹೋಗಿ ಕೂತರೆ ಎದುರಿಗೆ ಕಾಣುವ ದೀಪಗಳು ಥಾಯ್ಲೆಂಡಿನವು. ಹೊಳೆ ದಾಟಿದರೆ ಬೇರೆ ದೇಶ, ಭಾಷೆ ಮಾತ್ರ ಹೆಚ್ಚುಕಮ್ಮಿ ಅದೇ. ಲಾವ್ ಭಾಷೆ ಆಡುವವರು ಲಾವೋಸ್‌ಗಿಂತ ಈಶಾನ್ಯ ಥಾಯ್ಲೆಂಡಿನಲ್ಲೇ ಜಾಸ್ತಿ ಇದ್ದಾರೆ. ಇದಕ್ಕೆ ಹಳೆಯ ಕಥೆ ಇದೆ. 1353ರಲ್ಲಿ ಫಾ ಙುಮ್ ಅನ್ನುವ ರಾಜ ಇಲ್ಲಿ ಲಾನ್ ಸಾಂಗ್ ರಾಜ್ಯ ಕಟ್ಟಿದ. ಆ ಹೆಸರಿಗೆ 'ಹತ್ತು ಲಕ್ಷ ಆನೆ' ಅಂತ ಅರ್ಥ. ಹದಿನೆಂಟನೇ ಶತಮಾನದ ಆರಂಭದಲ್ಲಿ ಅದು ಮೂರು ಹೋಳಾಯಿತು. ಆಮೇಲೆ ಸಯಾಮಿನವರು, ಅಂದರೆ ಈಗಿನ ಥಾಯ್ಲೆಂಡಿನವರು, ಮೇಲುಗೈ ಆದರು. ಬ್ಯಾಂಕಾಕ್‌ಗೆ ಹೋದವರೆಲ್ಲ ನೋಡಿ ಬರುವ ಪಚ್ಚೆ ಬುದ್ಧನ ಮೂರ್ತಿ ಇನ್ನೂರು ವರ್ಷಕ್ಕೂ ಜಾಸ್ತಿ ಲಾವ್ ರಾಜರ ಹತ್ತಿರ ಇತ್ತು. 1779ರಲ್ಲಿ ಸಯಾಮಿನ ಸೈನ್ಯ ವಿಯೆಂಟಿಯಾನ್‌ನಿಂದ ಅದನ್ನು ಎತ್ತಿಕೊಂಡು ಹೋಯಿತು. 1827ರಲ್ಲಿ ಅನುವೊಂಗ್ ರಾಜ ತಿರುಗಿಬಿದ್ದ, ಸೋತ. ಊರನ್ನೇ ಸುಟ್ಟು ಹಾಕಿದರು, ಜನರನ್ನು ಹೊಳೆಯಾಚೆ ಸಾಗಿಸಿದರು. ಇದು ಲಾವೋಸಿನವರಿಗೆ ಇನ್ನೂ ಮಾಸದ ಗಾಯ. ಥಾಯ್ ಸ್ನೇಹಿತರ ಎದುರು ಈ ವಿಷಯ ಎತ್ತದೇ ಇರುವುದು ವಾಸಿ.

1893ರಲ್ಲಿ ಫ್ರೆಂಚರು ಬಂದರು. ಅವರ ಕಣ್ಣು ಮೆಕಾಂಗ್ ಮೇಲೆ ಇತ್ತು. ಈ ಹೊಳೆಯಲ್ಲಿ ಹಡಗು ಬಿಟ್ಟು ಸೀದಾ ಚೀನಾಕ್ಕೆ ವ್ಯಾಪಾರ ಮಾಡಬಹುದು ಅಂತ ಲೆಕ್ಕ ಹಾಕಿದ್ದರು. ದಕ್ಷಿಣದ ತುದಿಯಲ್ಲಿ ಖೋನ್ ಜಲಪಾತ ಅಡ್ಡ ಬಂತು. ಜೋಗದ ಹಾಗೆ ಎತ್ತರದಿಂದ ಧುಮುಕುವ ಜಲಪಾತ ಅಲ್ಲ ಅದು. ಕಿಲೋಮೀಟರುಗಟ್ಟಲೆ ಅಗಲಕ್ಕೆ, ಬಂಡೆಗಳ ನಡುವೆ ಸಿಟ್ಟಿನಿಂದ ನುಗ್ಗುವ ನೀರು. ಹಡಗು ಹತ್ತಲು ಸಾಧ್ಯವೇ ಇಲ್ಲ. ಬಿಡದ ಫ್ರೆಂಚರು ಡೋನ್ ಖೋನ್ ದ್ವೀಪದ ಮೇಲೆ ಪುಟ್ಟ ರೈಲು ಹಳಿ ಹಾಕಿ, ದೋಣಿಗಳನ್ನು ರೈಲಿನ ಮೇಲೇರಿಸಿ ಆಚೆ ಸಾಗಿಸಿದರು! ಆ ಹಳೆ ಎಂಜಿನ್ ಈಗಲೂ ಅಲ್ಲಿ ತುಕ್ಕು ಹಿಡಿದು ನಿಂತಿದೆ. ಚೀನಾದ ವ್ಯಾಪಾರ ಕೈಗೂಡಲಿಲ್ಲ. 1953ರಲ್ಲಿ ಲಾವೋಸ್ ಸ್ವತಂತ್ರವಾಯಿತು.

ಇನ್ನು ಯುದ್ಧದ ವಿಷಯ. ಇದನ್ನು ಬಿಟ್ಟು ಲಾವೋಸ್ ಅರ್ಥವಾಗುವುದಿಲ್ಲ.

ವಿಯೆಟ್ನಾಂ ಯುದ್ಧ ನಡೆಯುವಾಗ ಉತ್ತರ ವಿಯೆಟ್ನಾಮಿನವರು ದಕ್ಷಿಣಕ್ಕೆ ಆಯುಧ ಸಾಗಿಸುವ ದಾರಿ ಲಾವೋಸಿನ ಪೂರ್ವದ ಕಾಡಿನಲ್ಲಿ ಹಾದು ಹೋಗುತ್ತಿತ್ತು. ಅದನ್ನು ಮುರಿಯಲು, ಜೊತೆಗೆ ಲಾವೋಸಿನ ಕಮ್ಯುನಿಸ್ಟರನ್ನು ಬಗ್ಗುಬಡಿಯಲು ಅಮೆರಿಕ ಬಾಂಬ್ ಹಾಕಿತು. 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಜಾಸ್ತಿ. ಲೆಕ್ಕ ಹಾಕಿದವರು ಹೇಳುವುದು: ಎಂಟು ನಿಮಿಷಕ್ಕೊಂದು ವಿಮಾನದ ತುಂಬ ಬಾಂಬು, ಹಗಲೂ ರಾತ್ರಿ, ಒಂಬತ್ತು ವರ್ಷ. ತಲಾವಾರು ನೋಡಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಬಾಂಬ್ ಬಿದ್ದ ದೇಶ ಇದು. ಅಮೆರಿಕದ ಜನರಿಗೂ ಆಗ ಇದು ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ 'ಗುಟ್ಟಿನ ಯುದ್ಧ' ಅಂತ ಕರೆಯುತ್ತಾರೆ.

ದೊಡ್ಡ ಬಾಂಬಿಗಿಂತ ಕ್ಲಸ್ಟರ್ ಬಾಂಬಿನ ಮರಿಗಳು ಕೆಟ್ಟವು. ಒಂದು ಡಬ್ಬಿ ಗಾಳಿಯಲ್ಲೇ ಬಾಯಿ ಬಿಟ್ಟು ನೂರಾರು ಮರಿಗಳನ್ನು ಚೆಲ್ಲುತ್ತದೆ. ಲಾವೋಸಿನವರು ಅವನ್ನು 'ಬಾಂಬಿ' ಅನ್ನುತ್ತಾರೆ. ಗಾತ್ರ ಒಂದು ಮೂಸಂಬಿಯಷ್ಟು, ಗುಂಡಗೆ, ನೋಡಲು ಆಟದ ಚೆಂಡು. ಒಟ್ಟು 27 ಕೋಟಿ ಬಾಂಬಿ ಬಿದ್ದವು, ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಲ್ಲಿ ಉಳಿದವು ಅಂತ ಅಂದಾಜು. ಯುದ್ಧ ಮುಗಿದ ಮೇಲೂ 20 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಗದ್ದೆ ಅಗೆಯುವಾಗ, ಒಲೆ ಹಚ್ಚಿದಾಗ ಕೆಳಗಿನ ಮಣ್ಣು ಬಿಸಿಯಾಗಿ, ಮಕ್ಕಳು ಚೆಂಡು ಅಂತ ಎತ್ತಿಕೊಂಡು. ವಿಯೆಂಟಿಯಾನ್‌ನಲ್ಲಿ ಕೋಪ್ ಅನ್ನುವ ಸಂಸ್ಥೆಯ ಕೇಂದ್ರ ಇದೆ, ಕೈಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಡುತ್ತಾರೆ. ಅಲ್ಲಿ ಜನ ತಾವೇ ಬಿದಿರು, ಮರ, ಬಾಂಬಿನ ಚೂರು ಸೇರಿಸಿ ಮಾಡಿಕೊಂಡಿದ್ದ ಹಳೆಯ ಕಾಲುಗಳನ್ನು ನೇತು ಹಾಕಿದ್ದಾರೆ. ನಾನು ಹತ್ತು ನಿಮಿಷಕ್ಕಿಂತ ಜಾಸ್ತಿ ಅಲ್ಲಿ ನಿಲ್ಲಲು ಆಗಲಿಲ್ಲ.

ಶಿಯೆಂಗ್ ಖ್ವಾಂಗ್ ಪ್ರಾಂತ್ಯದ ಬಾನ್ ನಾಪಿಯಾ ಅನ್ನುವ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಗುಜರಿ ಕರಗಿಸಿ ಚಮಚ ಮಾಡುತ್ತಾರೆ. ಮರ ಮತ್ತು ಬೂದಿಯ ಅಚ್ಚು, ಅದಕ್ಕೆ ಕರಗಿದ ಲೋಹ ಹೊಯ್ದರೆ ಅರೆ ನಿಮಿಷದಲ್ಲಿ ಚಮಚ ತಯಾರು. ಕೈಗೆ ಎಷ್ಟು ಹಗುರ ಅಂದರೆ ಪ್ಲಾಸ್ಟಿಕ್ ಅನ್ನಿಸುತ್ತದೆ.

1975ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು, ರಾಜಪ್ರಭುತ್ವ ಹೋಯಿತು. ಅಂದಿನಿಂದ ಇವತ್ತಿನವರೆಗೆ ಒಂದೇ ಪಕ್ಷದ ಆಳ್ವಿಕೆ. ವಿರೋಧ ಪಕ್ಷ ಇಲ್ಲ, ಪತ್ರಿಕೆಗಳು ಸರ್ಕಾರ ಹೇಳಿದ್ದನ್ನೇ ಬರೆಯುತ್ತವೆ. ಸುತ್ತಿಗೆ-ಕುಡುಗೋಲಿನ ಬಾವುಟದ ಪಕ್ಕದಲ್ಲೇ ಕೇಸರಿ ಬಟ್ಟೆಯ ಭಿಕ್ಷುಗಳು ನಡೆದು ಹೋಗುತ್ತಾರೆ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. 1997ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟ ಸೇರಿದರು.

ಜನರ ಬಗ್ಗೆ ಕೇಳಿದ್ದೀರಿ. ಸರ್ಕಾರದ ಪಟ್ಟಿಯಲ್ಲಿ 50 ಜನಾಂಗಗಳಿವೆ. ಲಾವ್ ಜನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೆಟ್ಟಗಳಲ್ಲಿ ಖಮು, ಮೋಂಗ್ ಮುಂತಾದವರು, ಅವರ ಭಾಷೆ, ದೇವರು, ಬಟ್ಟೆ ಎಲ್ಲ ಬೇರೆ. ಎದುರಾದವರು ಎದೆಯ ಹತ್ತಿರ ಕೈ ಜೋಡಿಸಿ 'ಸಬಾಯ್ ದೀ' ಅನ್ನುತ್ತಾರೆ. ಏನೇ ಎಡವಟ್ಟಾದರೂ 'ಬೊ ಪೆನ್ ಞಾಂಗ್' ಅನ್ನುತ್ತಾರೆ. 'ಇರಲಿ ಬಿಡಿ' ಅಂದ ಹಾಗೆ. ಬಸ್ಸು ಮೂರು ಗಂಟೆ ತಡವಾದಾಗಲೂ ಇದೇ ಉತ್ತರ, ಅದು ಸ್ವಲ್ಪ ಕಷ್ಟ.

ಅವರ ವಾರದ ಹೆಸರು ಕೇಳಿ. ಭಾನುವಾರ 'ವನ್ ಆತಿತ್', ಅಂದರೆ ಆದಿತ್ಯವಾರ. ಸೋಮವಾರ 'ವನ್ ಚನ್'. ಬುಧವಾರ 'ವನ್ ಫುತ್'. ಶುಕ್ರವಾರ 'ವನ್ ಸುಕ್'. ಮಂಗಳವಾರಕ್ಕೆ 'ವನ್ ಅಂಗ್‌ಖಾನ್', ನಮ್ಮ ಪಂಚಾಂಗದ ಅಂಗಾರಕ! ಮೇಷ್ಟ್ರಿಗೆ 'ಖು' ಅನ್ನುತ್ತಾರೆ, ಗುರು ಶಬ್ದ ಸವೆದು ಹಾಗಾಗಿದೆ. ಹಬ್ಬಕ್ಕೆ 'ಬುನ್', ಅದು ಪುಣ್ಯ. ಅವರ ಲಿಪಿಯೂ ನಮ್ಮದೂ ಬ್ರಾಹ್ಮಿಯ ಮಕ್ಕಳೇ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸವರ್ಷ, ತುಳುನಾಡಿನ ಬಿಸು ಬರುವ ಹೊತ್ತಿಗೇ. ಬೀದಿಯಲ್ಲಿ ನೀರೆರಚಾಟ ಮೂರು ದಿನ. ಮೆರವಣಿಗೆಯಲ್ಲಿ ಬರುವ ದೇವತೆಯ ಹೆಸರು 'ನಾಂಗ್ ಸಂಗ್‌ಖಾನ್', ಸಂಕ್ರಾಂತಿ ಅಮ್ಮ ಅನ್ನಬಹುದು.

ರಾಮಾಯಣವೂ ಇದೆ. ಅದರ ಹೆಸರೇ 'ಫ್ರ ಲಕ್ ಫ್ರ ಲಾಮ್'. ಗಮನಿಸಿದಿರಾ, ಲಕ್ಷ್ಮಣನ ಹೆಸರು ಮೊದಲು, ರಾಮನದು ಆಮೇಲೆ. ರಾಮ ಅವರ ಪ್ರಕಾರ ಬುದ್ಧನ ಹಿಂದಿನ ಜನ್ಮ, ಕಥೆ ನಡೆಯುವುದೂ ಮೆಕಾಂಗ್ ದಂಡೆಯಲ್ಲೇ.

ದಕ್ಷಿಣದ ಚಂಪಾಸಕ್‌ನಲ್ಲಿ ವಾತ್ ಫೂ ಅನ್ನುವ ಹಳೆಯ ಶಿವನ ಗುಡಿ ಇದೆ, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗುಡಿಯ ಹಿಂದಿನ ಬೆಟ್ಟದ ತುದಿಯಲ್ಲಿ ಸಹಜವಾಗಿ ಮೂಡಿದ ಲಿಂಗದಂಥ ಬಂಡೆ. ಹಳೆಯ ಶಾಸನಗಳು ಅದನ್ನು ಲಿಂಗಪರ್ವತ ಅನ್ನುತ್ತವೆ. ಬಂಡೆಯಿಂದ ಜಿನುಗುವ ನೀರನ್ನು ಕಲ್ಲಿನ ದೋಣಿಯಲ್ಲಿ ಹರಿಸಿ ಗರ್ಭಗುಡಿಯ ಲಿಂಗಕ್ಕೆ ಸದಾ ಅಭಿಷೇಕ ಆಗುವ ಹಾಗೆ ಮಾಡಿದ್ದರು. ಈಗ ಒಳಗೆ ಬುದ್ಧ ಕೂತಿದ್ದಾನೆ, ನೀರು ಇನ್ನೂ ಜಿನುಗುತ್ತಿದೆ, ಜನ ಬಾಟಲಿಗೆ ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿನ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರ ಕೈಯೂ ಇದೆ.

ಊಟದ ವಿಷಯಕ್ಕೆ ಬರೋಣ. ಅಲ್ಲಿ ಮೂರು ಹೊತ್ತೂ ಅಂಟನ್ನ, 'ಖಾವ್ ನಿಯಾವ್'. ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಇಡುತ್ತಾರೆ. ಬೆಂದ ಮೇಲೆ ಮುಚ್ಚಳದ ಪುಟ್ಟ ಬಿದಿರು ಬುಟ್ಟಿಗೆ ತುಂಬುತ್ತಾರೆ. ಬಲಗೈಯಲ್ಲಿ ಸ್ವಲ್ಪ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಅದರಲ್ಲಿ ಚಟ್ನಿ ಎತ್ತಿಕೊಂಡು ಬಾಯಿಗೆ. ಮುದ್ದೆ ತಿಂದ ಕೈಗೆ ಇದು ಹೊಸದೇನಲ್ಲ. ನುಂಗಲು ಹೋಗಬೇಡಿ ಅಷ್ಟೆ, ಅಗಿದು ತಿನ್ನಬೇಕು. ಚಟ್ನಿಗೆ 'ಜೇವ್' ಅನ್ನುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಒರಳಲ್ಲಿ ಕುಟ್ಟಿದ್ದು. ವಾಸನೆಗೇ ಹಾವೇರಿ ನೆನಪಾಗುತ್ತದೆ.

ತೊಂದರೆ ಇರುವುದು ಇಲ್ಲೇ. ಆ ಚಟ್ನಿಗೂ ಕೊನೆಗೆ ಮೀನಿನ ರಸ ಹಾಕುತ್ತಾರೆ. ಎಳೆ ಪಪ್ಪಾಯಿ ಕೋಸಂಬರಿಗೆ 'ಪಾದೇಕ್' ಅನ್ನುವ ಹುದುಗಿಸಿದ ಮೀನು. ತರಕಾರಿ ಮಾತ್ರ ಕೊಡಿ ಅಂದರೆ ತರಕಾರಿಯನ್ನೇ ಕೊಡುತ್ತಾರೆ, ಮೀನಿನ ರಸ ಅವರ ಲೆಕ್ಕದಲ್ಲಿ ಉಪ್ಪು ಇದ್ದ ಹಾಗೆ. 'ಕಿನ್ ಜೆ' ಅಂದರೆ ಸಸ್ಯಾಹಾರ. ಅದರ ಜೊತೆ 'ಬೊ ಸೈ ನಾಮ್ ಪಾ', ಮೀನಿನ ರಸ ಹಾಕಬೇಡಿ, ಅಂತ ಬಿಡಿಸಿ ಹೇಳಬೇಕು. ವಿಯೆಂಟಿಯಾನ್‌ನಲ್ಲಿ ಭಾರತದ ಹೋಟೆಲುಗಳಿವೆ. ಸಣ್ಣ ಊರಲ್ಲಿ ಅಂಟನ್ನ, ಬಾಳೆಹಣ್ಣು, ಕಾಫಿಯೇ ಗತಿ. ಕಾಫಿ ಮಾತ್ರ ಚೆನ್ನಾಗಿರುತ್ತದೆ. ದಕ್ಷಿಣದ ಬೊಲವೆನ್ ಪ್ರಸ್ಥಭೂಮಿಯಲ್ಲಿ ಫ್ರೆಂಚರು ಶುರು ಮಾಡಿದ ತೋಟಗಳಿವೆ. ಪಾಕ್ಸೋಂಗ್ ಊರಿನ ಬೆಳಗಿನ ಚಳಿ, ಮಂಜು, ಕೆಂಪು ಮಣ್ಣು ನೋಡಿದರೆ ಚಿಕ್ಕಮಗಳೂರಿನವರು ಅರೆಕ್ಷಣ ಗೊಂದಲಕ್ಕೆ ಬೀಳುತ್ತಾರೆ.

ಈಗ ದುಡ್ಡಿನ ಮಾತು. ಇಲ್ಲಿಂದ ಅಳಿಯನ ಕೆಲಸಕ್ಕೆ ದಾರಿ ಸಿಗುತ್ತದೆ.

ಲಾವೋಸ್ ಬಡ ದೇಶ. ಮಾರಲು ಇರುವುದು ಮುಖ್ಯವಾಗಿ ಗಣಿ ಮತ್ತು ಕರೆಂಟು. ಮೆಕಾಂಗ್ ಮತ್ತು ಅದರ ಉಪನದಿಗಳಿಗೆ ಅಣೆಕಟ್ಟು ಕಟ್ಟಿ ಥಾಯ್ಲೆಂಡಿಗೆ ವಿದ್ಯುತ್ ಮಾರುತ್ತಾರೆ. 2010ರಲ್ಲಿ ಶುರುವಾದ ನಾಮ್ ಥೆಉನ್-2 ಯೋಜನೆ ನಮ್ಮ ಶರಾವತಿ ವಿದ್ಯುದಾಗಾರದ ಆಸುಪಾಸಿನ ಗಾತ್ರದ್ದು. ಅದಕ್ಕಾಗಿ 6 ಸಾವಿರಕ್ಕೂ ಜಾಸ್ತಿ ಜನ ಊರು ಬಿಟ್ಟರು. ಮುಳುಗಡೆ ಅಂದರೇನು ಅಂತ ನಮ್ಮ ಸಾಗರ, ಹೊಸನಗರದವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಜುಲೈನಲ್ಲಿ ಅತ್ತಪು ಪ್ರಾಂತ್ಯದಲ್ಲಿ ಕಟ್ಟುತ್ತಿದ್ದ ಅಣೆಕಟ್ಟೊಂದು ಒಡೆದು ಹತ್ತಾರು ಜನ ಸತ್ತರು. ಇದರ ಮೇಲೆ ಚೀನಾದ ಸಾಲ. 2021ರ ಡಿಸೆಂಬರ್‌ನಲ್ಲಿ ಚೀನಾ ಗಡಿಯಿಂದ ವಿಯೆಂಟಿಯಾನ್‌ಗೆ ರೈಲು ಬಂತು, ಸುಮಾರು 600 ಕೋಟಿ ಡಾಲರ್ ಖರ್ಚು. ರೈಲು ಒಳ್ಳೆಯದೇ. ಉತ್ತರದ ಹಳೆಯ ರಾಜಧಾನಿ ಲುವಾಂಗ್ ಪ್ರಬಾಂಗ್‌ಗೆ ಬಸ್ಸಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿ ಈಗ ಎರಡು ಗಂಟೆ. ಆದರೆ ಸಾಲ ಬೆನ್ನು ಮುರಿಯಿತು. ಅವರ ದುಡ್ಡು ಕಿಪ್. 2021ರಲ್ಲಿ ಡಾಲರಿಗೆ ಹತ್ತು ಸಾವಿರ ಕಿಪ್‌ಗಿಂತ ಕಮ್ಮಿ ಇದ್ದದ್ದು 2024ರ ಹೊತ್ತಿಗೆ 20 ಸಾವಿರ ದಾಟಿತು. 2023ರ ಆರಂಭದಲ್ಲಿ ಬೆಲೆ ಏರಿಕೆ ವರ್ಷಕ್ಕೆ ಶೇ 40ರಷ್ಟು.

2024ರ ಕೊನೆಗೆ ಅಲ್ಲಿನ ಕನಿಷ್ಠ ಕೂಲಿ ತಿಂಗಳಿಗೆ 25 ಲಕ್ಷ ಕಿಪ್ ಆಯಿತು. ಕೇಳಲು ಭಾರಿ. ಲೆಕ್ಕ ಹಾಕಿದರೆ ನಮ್ಮ ಹತ್ತು ಸಾವಿರ ರೂಪಾಯಿ ಅಷ್ಟೇ. ಆ ಕಾರಣಕ್ಕೇ ಅಲ್ಲಿನ ಹುಡುಗ-ಹುಡುಗಿಯರು ಹೊಳೆ ದಾಟಿ ಥಾಯ್ಲೆಂಡಿಗೆ ಕೂಲಿಗೆ ಹೋಗುತ್ತಾರೆ. ತನ್ನ ಮಕ್ಕಳಿಗೇ ಕೆಲಸ ಕೊಡಲಾಗದ ದೇಶ, ಲಾವ್ ಭಾಷೆ ಬಾರದ ಹಾವೇರಿಯ ಬಿಕಾಂ ಹುಡುಗನನ್ನು ವಿಮಾನದಲ್ಲಿ ಕರೆಸಿ 90 ಸಾವಿರ ಯಾಕೆ ಕೊಡುತ್ತದೆ?

ಕೊಡುವುದು ಆ ದೇಶ ಅಲ್ಲ. ವಾಯವ್ಯ ಮೂಲೆಯಲ್ಲಿ, ಲಾವೋಸ್-ಮ್ಯಾನ್ಮಾರ್-ಥಾಯ್ಲೆಂಡ್ ಮೂರೂ ಸೇರುವಲ್ಲಿ, ಬೊಕೆಯೊ ಪ್ರಾಂತ್ಯ ಇದೆ. ಒಂದು ಕಾಲಕ್ಕೆ ಅಫೀಮಿಗೆ ಹೆಸರಾಗಿದ್ದ ಜಾಗ. 2007ರಲ್ಲಿ ಅಲ್ಲಿ ಮೆಕಾಂಗ್ ದಂಡೆಯ ನೆಲವನ್ನು ಚೀನಾ ಮೂಲದ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಈಗ ಅದು 'ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ'. ಕ್ಯಾಸಿನೊ, ಎತ್ತರದ ಕಟ್ಟಡಗಳು, ಚೀನಾದ ದುಡ್ಡು, ಗಡಿಯಾರವೂ ಬೀಜಿಂಗ್ ಸಮಯಕ್ಕೆ. ಆನ್‌ಲೈನ್ ಮೋಸದ ಗುಂಪುಗಳು ಬೇರು ಬಿಟ್ಟದ್ದು ಅಲ್ಲೇ. ವಿಯೆಂಟಿಯಾನ್‌ನ ನಮ್ಮ ರಾಯಭಾರ ಕಚೇರಿ ಹಲವು ಸಲ ಎಚ್ಚರಿಸಿದೆ. 2024ರ ಆಗಸ್ಟ್ ಕೊನೆಗೆ ಒಂದೇ ಸಲ 47 ಭಾರತೀಯರನ್ನು ಅಲ್ಲಿಂದ ಬಿಡಿಸಿತು. ಅದೇ ತಿಂಗಳು ಲಾವ್ ಸರ್ಕಾರ ಈ ದಂಧೆಯವರಿಗೆ ಜಾಗ ಖಾಲಿ ಮಾಡಲು ಗಡುವು ಕೊಟ್ಟಿತ್ತು. ಆಮೇಲೂ ಜನರನ್ನು ಬಿಡಿಸುವುದು ನಡೆದೇ ಇದೆ.

ಈ ಮೋಸದ ಗುಂಪುಗಳ ದಾರಿ ಹೆಚ್ಚುಕಮ್ಮಿ ಒಂದೇ. ದುಬೈ, ಬ್ಯಾಂಕಾಕ್ ಅಥವಾ ಭಾರತದ ಏಜೆಂಟ್. 'ಕಸ್ಟಮರ್ ಸಪೋರ್ಟ್', 'ಡಿಜಿಟಲ್ ಮಾರ್ಕೆಟಿಂಗ್' ಅನ್ನುವ ಕೆಲಸ. ಫೋನಲ್ಲೇ ಸಂದರ್ಶನ, ಒಂದು ಟೈಪಿಂಗ್ ಪರೀಕ್ಷೆ. ಫ್ರೀ ಟಿಕೆಟ್, ಫ್ರೀ ಊಟ-ವಸತಿ. ಥಾಯ್ಲೆಂಡಿಗೆ ಇಳಿಸಿ ಗಡಿ ದಾಟಿಸುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಆಮೇಲೆ ಹುಡುಗ ದಿನವಿಡೀ ಕೂತು ಹುಡುಗಿಯ ಹೆಸರಿನ ಸುಳ್ಳು ಖಾತೆಯಿಂದ ಯಾರದೋ ಉಳಿತಾಯವನ್ನು ಕ್ರಿಪ್ಟೊ ಅನ್ನುವ ಆನ್‌ಲೈನ್ ಹಣಕ್ಕೆ ಹಾಕಿಸಬೇಕು. ಬೇಡ ಅಂದರೆ ಹೊಡೆತ, ಇಲ್ಲವೇ ದಂಡ.

ನಿಮ್ಮ ಏಜೆಂಟ್ ಅಂಥವರೇ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಊರಿನ ಹೆಸರು ಇಲ್ಲ, ಕಂಪನಿಯ ಹೆಸರೂ ಇಲ್ಲ. ಮೊದಲು ಅವೆರಡನ್ನೂ ಕೇಳಿ. ವೀಸಾ ಯಾವುದು ಅಂತ ಕೇಳಿ. ಅಲ್ಲಿ ಇಳಿದ ಮೇಲೆ ಸಿಗುವ ವೀಸಾದಲ್ಲಾಗಲಿ, ಪ್ರವಾಸಿ ವೀಸಾದಲ್ಲಾಗಲಿ ಕೆಲಸ ಮಾಡುವ ಹಾಗಿಲ್ಲ. 'ಹೋದ ಮೇಲೆ ಮಾಡಿಸಿಕೊಡುತ್ತೇವೆ' ಅನ್ನುವ ಮಾತು ಸುಳ್ಳು. ಏಜೆಂಟ್‌ಗೆ ಲೈಸೆನ್ಸ್ ಇದೆಯಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಆಫರ್ ಲೆಟರ್‌ನ ಫೋಟೊ ತೆಗೆದು ವಿಯೆಂಟಿಯಾನ್‌ನ ರಾಯಭಾರ ಕಚೇರಿಗೆ ಇಮೇಲ್ ಮಾಡಿ, ಇದು ನಿಜವಾ ಅಂತ ಕೇಳಿ. ಏಜೆಂಟ್ ಬಾಯಲ್ಲಿ ಬೊಕೆಯೊ ಅಂತಲೋ, ಆ ವಲಯ ಇರುವ ಟೋನ್ ಪೆಂಗ್ ಅಂತಲೋ, 'ಥಾಯ್ಲೆಂಡಿನ ಚಿಯಾಂಗ್ ರಾಯ್‌ನಲ್ಲಿ ಇಳಿದರೆ ನಮ್ಮ ಕಾರು ಬರುತ್ತದೆ' ಅಂತಲೋ ಬಂದರೆ ಮುಂದೆ ಮಾತೇ ಬೇಡ, ಫೋನ್ ಇಟ್ಟುಬಿಡಿ.

ಇಷ್ಟು ಓದಿದ ಮೇಲೆ ಹುಡುಗನಿಗೆ ದೇಶ ನೋಡುವ ಆಸೆ ಹುಟ್ಟಿದರೆ ಅದು ಬೇರೆ ಮಾತು. ಮುಂದೆ ಯಾವಾಗಲಾದರೂ ಡಿಸೆಂಬರ್-ಜನವರಿಯಲ್ಲಿ, ಚಳಿ ಇರುವಾಗ, ಪ್ರವಾಸಿಯಾಗಿ ಹೋಗಿ ಬರಲಿ. ಬ್ಯಾಂಕಾಕ್ ಮೂಲಕ ವಿಯೆಂಟಿಯಾನ್, ಅಲ್ಲಿಂದ ರೈಲಲ್ಲಿ ಲುವಾಂಗ್ ಪ್ರಬಾಂಗ್. ಕಾಲುದಾರಿ ಬಿಟ್ಟು ಪೊದೆಗೆ ಇಳಿಯಬಾರದು. ಯಾರೋ ಕೊಟ್ಟ ಮದ್ಯ ಕುಡಿಯಬಾರದು. 2024ರಲ್ಲಿ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಸೇರಿದ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು. ಮತ್ತೆ ಬ್ಯಾಗಿನಲ್ಲಿ ಅರ್ಧ ಕಿಲೋ ಶೇಂಗಾ ಚಟ್ನಿಪುಡಿ ಇರಲಿ. ಅಂಟನ್ನಕ್ಕೆ ಅದು ಎಷ್ಟು ಚೆನ್ನಾಗಿ ಹತ್ತುತ್ತದೆ ಅಂದರೆ, ಪಕ್ಕದವರೂ ಕೈ ಚಾಚುತ್ತಾರೆ.